ನೊಣ ಮತ್ತು ಚಾಮರ



ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಅನೇಕರಿರಬಹುದು. ಗುಡ್ಡದ ಮಗ್ಗುಲಲ್ಲಿ ಚಕ್ಕಡಿಗಳ ಸಾಲು. ನೊಗ ಇಳಿಸಿದ ಎತ್ತುಗಳು ಕಣಕಿ ಮೆಲ್ಲುತ್ತ ನಿಂತಿರುತ್ತವೆ. ಅವುಗಳ ಕಣ್ಣಂಚಿನಲ್ಲಿ ನೊಣಗಳ ಹಿಂಡು. ಬಾಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮೇಲೆ ಗುಡಿಯ ದಾರಿಯಲ್ಲಿ, ಹಣೆತುಂಬ ಭಂಡಾರ ಬಳಿದುಕೊಂಡ ಜೋಗಮ್ಮನ ಕೈಯಲ್ಲಿ ಚವರಿ. ಅದೂ ಎಡಕ್ಕೆ, ಬಲಕ್ಕೆ, ಉಧೋ ಉಧೋ ಎಂಬ ಕೂಗಿಗೆ ತಕ್ಕಂತೆ.

ಎತ್ತಿನ ಬಾಲ, ಜೋಗಮ್ಮನ ಚವರಿ, ಇವೆರಡರ ಕೆಲಸ ಮೂಲದಲ್ಲಿ ಒಂದೇ. ನೊಣ ಓಡಿಸುವುದು. ಚವರಿಯಾಗಲಿ, ರಾಜರ ಚಾಮರವಾಗಲಿ, ಹುಟ್ಟಿದ್ದು ಹಿಮಾಲಯದ ಚಮರೀಮೃಗದ ಬಾಲದಲ್ಲಿ. ಆ ಪ್ರಾಣಿ ತನ್ನ ಮೈಮೇಲಿನ ನೊಣ ಓಡಿಸಲು ಇಟ್ಟುಕೊಂಡಿದ್ದ ಬಾಲ ಅದು. ಮನುಷ್ಯ ಅದನ್ನು ಕತ್ತರಿಸಿದ, ಹಿಡಿಕೆ ಕಟ್ಟಿದ, ಅರಸನ ಪಕ್ಕದಲ್ಲಿ ನಿಲ್ಲಿಸಿದ. ಆಮೇಲೆ ದೇವರ ಪಕ್ಕದಲ್ಲಿ. ಛತ್ರ, ಚಾಮರ, ಸಿಂಹಾಸನ ಎಂದು ಬಿರುದಿನ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ನೊಣಕ್ಕೆ ಮಾತ್ರ ಸಿಗಲಿಲ್ಲ.

ಇಂದಿನ ಮಾತು ಆ ನೊಣದ ಕುರಿತು. ಅದರ ಬಳಗದ ಕುರಿತೂ ಹೌದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನ ಗುಡಿಗಳಲ್ಲಿ, ಮನೆಗಳಲ್ಲಿ, ಹೊಲಗಳಲ್ಲಿ ಹುಳಗಳು ಎಲ್ಲೆಲ್ಲೂ ಇವೆ. ನಮ್ಮ ಕೈ ಅವುಗಳನ್ನು ಕಂಡೊಡನೆ ಓಡಿಸಲು ಏಳುತ್ತದೆ. ಓಡಿಸುವ ಮೊದಲು ಅವುಗಳನ್ನು ನಿಂತು ನೋಡಿದ ಕೆಲವರಿದ್ದಾರೆ. ಅವರೇನು ಕಂಡರು ಎಂಬುದು ಇಂದಿನ ವಿಷಯ.

ಮೊದಲು ಗುಡಿಗೆ ಹೋಗೋಣ. ಸವದತ್ತಿಯ ಹತ್ತಿರ ಹೂಲಿ ಇದೆ. ಅಲ್ಲಿ ಪಂಚಲಿಂಗೇಶ್ವರ ಗುಡಿ. ಬೈಲಹೊಂಗಲದ ಬದಿಗೆ ಸೊಗಲದ ಸೋಮೇಶ್ವರ, ಜಲಪಾತದ ಸಪ್ಪಳದಲ್ಲಿ. ಕಲ್ಯಾಣದ ಚಾಲುಕ್ಯರು ಆಳುತ್ತಿದ್ದಾಗ, ಅವರ ಕೈಕೆಳಗೆ ರಟ್ಟರು ಸವದತ್ತಿಯಲ್ಲಿದ್ದಾಗ, ಈ ಸೀಮೆಯ ಕಲ್ಲುಕುಟಿಗರಿಗೆ ಕೈತುಂಬ ಕೆಲಸ. ಆ ಕಾಲದ ಶಿಲ್ಪದಲ್ಲಿ ಚಾಮರ ಹಿಡಿದ ಹೆಣ್ಣು ಬಹಳ ಸಾಮಾನ್ಯ. ಬಸದಿಯಾದರೆ ತೀರ್ಥಂಕರನ ಎರಡೂ ಬದಿಗೆ ಚಾಮರಧಾರಿಗಳು. ಇರುವೆಗೂ ನೋವಾಗಬಾರದೆಂಬ ಧರ್ಮಕ್ಕೆ ಚಾಮರ ತಕ್ಕ ಸಾಧನವೇ. ನೊಣವನ್ನು ಓಡಿಸುತ್ತದೆ, ಕೊಲ್ಲುವುದಿಲ್ಲ. ಆದರೆ ಓಡಬೇಕಾದ ನೊಣವನ್ನು ಯಾವ ಶಿಲ್ಪಿಯೂ ಅಲ್ಲಿ ಕೆತ್ತುವ ಗೊಡವೆಗೆ ಹೋಗಲಿಲ್ಲ.

ಇನ್ನೊಂದು ಉದಾಹರಣೆ ಹುತ್ತ. ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿ ಹುತ್ತಗಳಿವೆ. ಅವನ್ನು ಕಲ್ಲಿನಲ್ಲೇ ಕಡೆದದ್ದು ಸುಮಾರು 981ರಲ್ಲಿ. ಹುತ್ತದ ಬಾಯಿಂದ ಹಾವುಗಳು ಹೆಡೆ ಚಾಚಿವೆ. ಹುತ್ತ ಕಟ್ಟಿದ ಗೆದ್ದಲು ಎಲ್ಲಿ? ಎಲ್ಲೂ ಇಲ್ಲ. ನಾಗರಪಂಚಮಿಗೆ ನಮ್ಮ ಹೆಣ್ಣುಮಕ್ಕಳು ಹಾಲೆರೆಯುವುದೂ ಹಾವಿಗೇ, ಗೆದ್ದಲಿಗಲ್ಲ. ಕಿತ್ತೂರಿನ ಕಡೆ ಮಳೆ ಹೆಚ್ಚು, ಗಿಡಗಂಟಿ ಹೆಚ್ಚು, ಹುತ್ತಗಳೂ ಹೆಚ್ಚು. ಮೊದಲ ಮಳೆ ಬಿದ್ದ ಸಂಜೆ ಅವುಗಳಿಂದ ರೆಕ್ಕೆಯ ಹುಳಗಳು ಹೊರಬಿದ್ದು ದೀಪಕ್ಕೆ ಮುತ್ತುತ್ತವಲ್ಲ, ಮಳೆಹುಳ ಎನ್ನುತ್ತೇವಲ್ಲ, ಅವೇ ಆ ಮನೆ ಕಟ್ಟಿದವರ ಮಕ್ಕಳು. ಆ ಸಂಜೆ ಮನೆಯವರು ಮಾಡುವ ಮೊದಲ ಕೆಲಸ ದೀಪ ಆರಿಸುವುದು.

ಅಂದರೆ ನಮ್ಮ ಶಿಲ್ಪದಲ್ಲಿ ನೊಣ ಓಡಿಸುವ ಸಾಧನ ಇದೆ, ಗೆದ್ದಲು ಕಟ್ಟಿದ ಮನೆ ಇದೆ. ಹುಳ ಇಲ್ಲ. ಹಾಗಂದುಕೊಂಡು ದಕ್ಷಿಣಕ್ಕೆ ಹೋದರೆ ಬೇಲೂರಿನಲ್ಲಿ ಒಂದು ಅಚ್ಚರಿ ಕಾದಿದೆ.

ಬೈಲಹೊಂಗಲ, ರಾಮದುರ್ಗದ ಶಾಲೆಗಳ ಪ್ರವಾಸದ ಬಸ್ಸುಗಳು ವರ್ಷಕ್ಕೊಮ್ಮೆಯಾದರೂ ಬೇಲೂರು, ಹಳೇಬೀಡು ನೋಡಿಕೊಂಡು ಬರುತ್ತವೆ. ಚೆನ್ನಕೇಶವ ಗುಡಿಯನ್ನು ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಗೋಡೆಯ ಮೇಲ್ಭಾಗದಲ್ಲಿ, ಚಜ್ಜದ ಕೆಳಗೆ, ಮದನಿಕೆಯರು. ಸುಮಾರು ನಲವತ್ತು. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳು ಗಿಳಿಯ ಜತೆ ಮಾತಿಗಿಳಿದಿದ್ದಾಳೆ. ಪ್ರತಿಯೊಬ್ಬಳ ತಲೆಯ ಮೇಲೂ ಬಳ್ಳಿ ಹೆಣೆದ ಚಪ್ಪರ. ಆ ಚಪ್ಪರಗಳಲ್ಲಿ ಒಂದರ ಬಳ್ಳಿಗೆ ಒಂದು ಹಣ್ಣು ಬಿಟ್ಟಿದೆ. ಹಣ್ಣಿನ ಮೇಲೆ ಒಂದು ನೊಣ ಕೂತಿದೆ. ಅದರ ಸಮೀಪ ಒಂದು ಹಲ್ಲಿ, ಹಾರಿ ಹಿಡಿಯಲು ಮೈ ಕುಗ್ಗಿಸಿಕೊಂಡಿದೆ.

ಸ್ವಲ್ಪ ಯೋಚಿಸಿ. ನೆಲದಿಂದ ಅದು ಆಳುದ್ದಕ್ಕಿಂತ ಎತ್ತರ. ಮದನಿಕೆಯ ಮುಖ ನೋಡುವವರಿದ್ದಾರೆ, ಒಡವೆ ನೋಡುವವರಿದ್ದಾರೆ. ಅವಳ ತಲೆಯ ಮೇಲಿನ ಎಲೆಗಳ ನಡುವೆ ಹುಡುಕುವವರು ಯಾರು? ಅಂಥ ಕಡೆ ಶಿಲ್ಪಿ ಇಷ್ಟು ಸಣ್ಣ ಜೀವದ ತಲೆ, ರೆಕ್ಕೆ, ಮೈ ಎಲ್ಲವನ್ನೂ ಬಿಡಿಸಿ ಕೆತ್ತಿದ್ದಾನೆ. ಬೇಲೂರಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಬರಬರುತ್ತ ಗಟ್ಟಿಯಾಗುತ್ತದೆ. ಸಣ್ಣ ಉಳಿಗೆ ಅದು ಬಗ್ಗುತ್ತದೆ, ನಿಜ. ಆದರೆ ಕಲ್ಲು ಮೆದುವಾದ ಮಾತ್ರಕ್ಕೆ ನೊಣ ಹುಟ್ಟುವುದಿಲ್ಲ. ಅದನ್ನು ಕೆತ್ತಿದವನು ಹಣ್ಣಿನ ಮೇಲೆ ಕೂತ ನೊಣವನ್ನು ಓಡಿಸದೆ ನೋಡಿದವನೇ ಇರಬೇಕು.

ಯುರೋಪಿನ ಚಿತ್ರಕಾರರೂ ನೊಣ ಬರೆದಿದ್ದಾರೆ. ಪೆಟ್ರಸ್ ಕ್ರಿಸ್ಟಸ್ ಎಂಬ ಫ್ಲಾಂಡರ್ಸಿನ ಚಿತ್ರಕಾರ 1446ರಲ್ಲಿ ಗಡ್ಡದ ಸನ್ಯಾಸಿಯೊಬ್ಬನ ಚಿತ್ರ ಬರೆದ. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಚಿತ್ರದ ಕೆಳಗೆ ಚೌಕಟ್ಟಿನ ಅಂಚನ್ನೂ ಬಣ್ಣದಲ್ಲೇ ಬರೆದು, ಅದರ ಮೇಲೆ ಒಂದು ನೊಣ ಕೂರಿಸಿದ್ದಾನೆ. ನೋಡಿದವನ ಕೈ ತಾನಾಗಿ ಅದನ್ನು ಝಾಡಿಸಲು ಏಳಬೇಕು, ಹಾಗೆ. ಇಟಲಿಯಲ್ಲಿ ಚಿತ್ರಕಾರ ಜೊಟ್ಟೊನ ಕತೆ ಹೇಳುತ್ತಾರೆ. ಹುಡುಗನಾಗಿದ್ದಾಗ ಗುರುವಿನ ಚಿತ್ರವೊಂದರ ಮೂಗಿನ ಮೇಲೆ ನೊಣ ಬರೆದಿಟ್ಟನಂತೆ, ಗುರು ಮತ್ತೆ ಮತ್ತೆ ಅದನ್ನು ಓಡಿಸಲು ಹೋದನಂತೆ. ಚಿತ್ರಕಾರರ ಜೀವನಕತೆ ಬರೆದ 16ನೇ ಶತಮಾನದ ವಸಾರಿ ಇದನ್ನು ಬರೆದಿಟ್ಟಿದ್ದಾನೆ. ಕತೆಯೇ ಇರಬಹುದು.

ಎರಡು ನೊಣಗಳನ್ನೂ ಹೋಲಿಸಿ ನೋಡಿ. ಯುರೋಪಿನ ನೊಣ ನೋಡುಗನ ಕಣ್ಣನ್ನು ಮೋಸಗೊಳಿಸಲು ಕೂತಿದೆ. ಅದರ ಸಂಬಂಧವೆಲ್ಲ ಮನುಷ್ಯನ ಜತೆ. ಬೇಲೂರಿನ ನೊಣಕ್ಕೆ ನೋಡುಗನ ಹಂಗಿಲ್ಲ. ಅದರ ಚಿಂತೆ ಹಣ್ಣು, ಹಲ್ಲಿಯ ಚಿಂತೆ ನೊಣ. ಪೆಟ್ರಸ್ ಕ್ರಿಸ್ಟಸ್‌ಗಿಂತ ಮುನ್ನೂರು ವರ್ಷ ಮೊದಲೇ ನಮ್ಮವನು ನೊಣವನ್ನು ನೊಣದ ಲೋಕದಲ್ಲೇ ಇಟ್ಟು ತೋರಿಸಿದ. ಇದು ದೊಡ್ಡ ಮಾತು. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಮಾರ್ಗದರ್ಶಿಗೆ ಹೇಳಿ ಈ ನೊಣವನ್ನು ತೋರಿಸಲಿ. ಇತಿಹಾಸ, ಜೀವಶಾಸ್ತ್ರ ಎರಡೂ ಪಾಠ ಒಂದೇ ಕಡೆ ಮುಗಿಯುತ್ತವೆ.

ಕಲ್ಲಿನ ನೊಣ ಆಯಿತು. ಜೀವಂತ ನೊಣ ಹೇಗಿರುತ್ತದೆ? ಹುಳಗಳಿಗೆ ಸಾಮಾನ್ಯವಾಗಿ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ. ಹಿಂದಿನ ಎರಡು ರೆಕ್ಕೆಗಳು ಸವೆದು ಸಣ್ಣ ಗುಂಡಿಗಳಾಗಿವೆ. ಹಾರುವಾಗ ಮೈಯ ಸಮತೋಲ ಕಾಯುವುದು ಆ ಗುಂಡಿಗಳೇ. ರೆಕ್ಕೆ ಸೆಕೆಂಡಿಗೆ ಸುಮಾರು ಇನ್ನೂರು ಸಲ ಬಡಿಯುತ್ತದೆ, ನಿಮ್ಮ ಕಿವಿಯ ಹತ್ತಿರದ ಗುಂಯ್‌ಗುಡುವಿಕೆ ಅದೇ. ಒಂದೊಂದು ಕಣ್ಣಿನಲ್ಲಿ ಸಾವಿರಾರು ಸಣ್ಣ ಕಣ್ಣುಗಳು. ಚಲನೆಯನ್ನು ನಮಗಿಂತ ಸುಮಾರು ನಾಲ್ಕು ಪಟ್ಟು ಬೇಗ ಹಿಡಿಯುತ್ತವೆ. ನೀವು ಟವೆಲ್ ಬೀಸಿದ್ದು ಅದಕ್ಕೆ ಬಹಳ ನಿಧಾನವಾಗಿ ಕಾಣುತ್ತದೆ. ರುಚಿ ನೋಡುವುದು ಕಾಲಿನಿಂದ. ಹೋಳಿಗೆಯ ಮೇಲೆ ಕೂತೊಡನೆ ಇದು ಸಿಹಿ ಎಂದು ಕಾಲಿಗೆ ಗೊತ್ತು. ಮುಂಗಾಲುಗಳನ್ನು ಉಜ್ಜುತ್ತದಲ್ಲ, ಆ ರುಚಿಯ ಕೂದಲುಗಳನ್ನು ಚೊಕ್ಕಟ ಮಾಡಿಕೊಳ್ಳುವ ಕೆಲಸ ಅದು. ಹಲ್ಲಿಲ್ಲ. ಗಟ್ಟಿ ತಿನಿಸಿನ ಮೇಲೆ ಎಂಜಲು ಉಗುಳಿ, ಕರಗಿಸಿ, ಹೀರುತ್ತದೆ. ತಿಪ್ಪೆಯಿಂದ ಹೋಳಿಗೆಗೆ ರೋಗ ಬರುವ ದಾರಿ ಇದೇ.

ಹೆಣ್ಣು ನೊಣ ತಿಪ್ಪೆಯಲ್ಲಿ ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುತ್ತದೆ. ಬೇಸಗೆಯಲ್ಲಿ ಹತ್ತು ದಿನದೊಳಗೆ ಆ ಮೊಟ್ಟೆಗಳು ನೊಣಗಳಾಗಿರುತ್ತವೆ. ಹಾಗಾಗಿ ನೊಣದ ಲೆಕ್ಕ ತೀರುವುದು ತಿಪ್ಪೆಯಲ್ಲಿ. ಅಡುಗೆಮನೆಯಲ್ಲಿ ಎಷ್ಟು ಚಾಮರ ಬೀಸಿದರೂ ಅದು ತೀರದು.

ಇಲ್ಲಿಯವರೆಗೆ ಚಾಮರ, ಹುತ್ತ, ಬೇಲೂರಿನ ನೊಣ ಇವುಗಳ ಮಾತಾಯಿತು. ಈಗ ಕಲ್ಲು ಬಿಟ್ಟು ವಚನಕ್ಕೆ ಬರೋಣ. ಅಲ್ಲಿ ಹುಳಕ್ಕೆ ದೊಡ್ಡ ಜಾಗವಿದೆ.

ಕಿತ್ತೂರಿಗೆ ಹತ್ತಿರ ಮುಗುಟಖಾನ ಹುಬ್ಬಳ್ಳಿ. ಮಲಪ್ರಭೆಯ ಮಡಿಲಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ. 12ನೇ ಶತಮಾನದಲ್ಲಿ ಕಲ್ಯಾಣದ ಗಲಭೆಯಾದ ಮೇಲೆ ಶರಣರು ಉಳವಿಯ ಕಡೆ ನಡೆದದ್ದು ಇದೇ ಸೀಮೆಯ ಹಾದಿಯಲ್ಲಿ. ಆ ಶರಣರ ಮಾತಿನಲ್ಲಿ ಒಂದು ಹುಳದ ಉಪಮೆ ಮತ್ತೆ ಮತ್ತೆ ಬರುತ್ತದೆ. ಕಣಜವೊಂದು ಕೀಡೆಯನ್ನು ಹಿಡಿದು ತಂದು ಗೂಡಿನಲ್ಲಿಡುತ್ತದೆ. ಕೀಡೆ ಕಣಜವನ್ನೇ ನೆನೆಯುತ್ತ ನೆನೆಯುತ್ತ ತಾನೂ ಕಣಜವಾಗುತ್ತದೆ. ಗುರುವನ್ನು ನೆನೆದ ಶಿಷ್ಯ ಗುರುವೇ ಆದಂತೆ. ವೇದಾಂತಿಗಳು ಇದನ್ನು ಭ್ರಮರಕೀಟ ನ್ಯಾಯ ಎನ್ನುತ್ತಾರೆ.

ಈ ಕಣಜ ನಿಮ್ಮ ಮನೆಯಲ್ಲೂ ಇದೆ. ಪಡಸಾಲೆಯ ಜಂತಿಯ ಸಂದಿಯಲ್ಲಿ, ದೇವರ ಫೋಟೋದ ಹಿಂದೆ, ಹಳೆಯ ಗುಡಿಯ ಮೂರ್ತಿಯ ಕಂಕುಳಲ್ಲಿ ಗೋಲಿಯಷ್ಟು ದಪ್ಪದ ಮಣ್ಣಿನ ಗಡಿಗೆ ಕಾಣುತ್ತದಲ್ಲ, ಅದನ್ನು ಕಟ್ಟುವ ಕುಂಬಾರ ಹುಳ. ಅದರ ಕೆಲಸ ನೋಡಲು ಪುರುಸೊತ್ತು ಬೇಕು. ಹೆಣ್ಣು ಹುಳ ಒದ್ದೆ ಮಣ್ಣಿನ ಉಂಡೆಯನ್ನು ಬಾಯಲ್ಲಿ ಹಿಡಿದು ತರುತ್ತದೆ. ಮುಂಗಾಲು, ದವಡೆ ಎರಡರಿಂದಲೂ ತಟ್ಟಿ ತೆಳುವಾದ ಪಟ್ಟಿ ಮಾಡುತ್ತದೆ. ಪಟ್ಟಿಯ ಮೇಲೆ ಪಟ್ಟಿ. ಕೆಲವು ತಾಸುಗಳಲ್ಲಿ ಗುಂಡನೆಯ ಗಡಿಗೆ ಸಿದ್ಧ, ಮೇಲೆ ಹೊರಚಾಚಿದ ಅಂಚಿನ ಬಾಯಿ. ಆಮೇಲೆ ಗಡಿಗೆಯ ಒಳಗೆ ಮೇಲಿನಿಂದ ಒಂದು ಎಳೆ ಇಳಿಬಿಟ್ಟು, ಅದರ ತುದಿಗೆ ಒಂದೇ ಒಂದು ಮೊಟ್ಟೆಯನ್ನು ತೂಗುಬಿಡುತ್ತದೆ. ಆಮೇಲೆ ಬೇಟೆ. ಹೊಲಕ್ಕೆ ಹೋಗಿ ಹಸಿರು ಕೀಡೆಗಳನ್ನು ಹಿಡಿದು, ಕೊಂಡಿಯಿಂದ ಚುಚ್ಚಿ, ಒಂದೊಂದಾಗಿ ಗಡಿಗೆಗೆ ತುಂಬುತ್ತದೆ. ಕೀಡೆ ಸತ್ತಿರುವುದಿಲ್ಲ, ಅಲ್ಲಾಡಲಾರದು ಅಷ್ಟೆ. ಸತ್ತರೆ ಕೊಳೆಯುತ್ತದೆ, ಕೊಳೆತರೆ ಮರಿಗೆ ಊಟವಿಲ್ಲ. ಕೊನೆಗೆ ಬಾಯಿಗೆ ಮಣ್ಣು ಮೆತ್ತಿ ಹಾರಿಹೋಗುತ್ತದೆ.

ಮೊಟ್ಟೆಯೊಡೆದ ಮರಿ ಕೀಡೆಗಳನ್ನು ತಿನ್ನುತ್ತ ಬೆಳೆಯುತ್ತದೆ. ಗೂಡು ಕೊರೆದು ಹೊರಬರುವಾಗ ಅದು ಪೂರಾ ಕಣಜ.

ಹೊರಗಿನಿಂದ ನೋಡಿದವರಿಗೆ ಕಂಡದ್ದೇನು? ಒಳಗೆ ಹೋದದ್ದು ಕೀಡೆ, ಹೊರಗೆ ಬಂದದ್ದು ಕಣಜ. ನೋಡಿದ್ದರಲ್ಲಿ ತಪ್ಪಿಲ್ಲ. ನಡುವಿನ ಭಾಗ ಗಡಿಗೆಯ ಒಳಗೆ ನಡೆಯಿತು, ಅಷ್ಟೆ. ಫ್ರಾನ್ಸಿನ ಫಾಬ್ರೆ ಎಂಬ ಶಾಲಾ ಮಾಸ್ತರ 19ನೇ ಶತಮಾನದಲ್ಲಿ ಗೂಡುಗಳನ್ನು ಒಡೆದು, ದಿನದಿನವೂ ಕೂತು ನೋಡಿ, ಬೇಟೆ ಕಣಜಗಳ ಈ ಗುಟ್ಟನ್ನು ಪುಸ್ತಕಗಳಲ್ಲಿ ಬರೆದ. ಅಂದಮಾತ್ರಕ್ಕೆ ವಚನದ ಬೆಲೆ ಕುಂದುವುದಿಲ್ಲ. ಶರಣರು ಹೇಳಹೊರಟದ್ದು ಗುರುಶಿಷ್ಯರ ಮಾತು, ಕಣಜದ ಜೀವಶಾಸ್ತ್ರವಲ್ಲ. ಆದರೂ ಜಂತಿಯ ಸಂದಿಯ ಮಣ್ಣುಗಡಿಗೆಯನ್ನು ಉಪಮೆಗೆ ತಕ್ಕದ್ದೆಂದು ಗುರುತಿಸಿದ ಕಣ್ಣು ಸಾಧಾರಣದ್ದಲ್ಲ.

ಅಕ್ಕಮಹಾದೇವಿಯ ರೇಷ್ಮೆ ಹುಳುವೂ ಹೀಗೆಯೇ. ತನ್ನದೇ ಎಳೆಯಿಂದ ಮನೆ ಕಟ್ಟಿ ಅದರಲ್ಲೇ ಸಿಕ್ಕಿ ಸಾಯುವ ಹುಳುವಿಗೆ ಅಕ್ಕ ತನ್ನ ಮನಸ್ಸನ್ನು ಹೋಲಿಸಿದಳು. ಈ ಮಾತು ರಾಮದುರ್ಗ, ಸುರೇಬಾನದ ನೇಕಾರರ ಓಣಿಗಳಿಗೆ ದೂರದ್ದಲ್ಲ. ಇಳಕಲ್ಲ ಸೀರೆಯ ಸೆರಗಿನಲ್ಲಿ ಹೊಳೆಯುವುದು ಆ ಹುಳುವಿನ ಎಂಜಲೇ. ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಹುಳುವನ್ನು ಅದರ ಪಾಡಿಗೆ ಬಿಟ್ಟರೆ ಅದು ಸಾಯುವುದಿಲ್ಲ. ಬಾಯಿಂದ ದ್ರವ ಬಿಟ್ಟು, ಗೂಡಿನ ತುದಿಯನ್ನು ಮೆದುಮಾಡಿ, ಪತಂಗವಾಗಿ ಹೊರಬರುತ್ತದೆ. ಆದರೆ ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ಬರುವುದಿಲ್ಲ. ಅದಕ್ಕೇ ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ. ಅಕ್ಕ ಕಂಡ ಹುಳು ನೂಲು ಬಿಚ್ಚುವವರ ಮನೆಯ ಹುಳು ಇರಬೇಕು. ಅಲ್ಲಿ ಅದು ಸಾಯುವುದು ನಿಜ.

ರೇಷ್ಮೆಯ ಮಾತು ಬಂತಲ್ಲ, ಕಲೆಗೆ ಹುಳಗಳು ಕೊಟ್ಟ ಸಾಮಗ್ರಿ ಇನ್ನೂ ಇವೆ. ಚನ್ನಪಟ್ಟಣದ ಗೊಂಬೆಯ ಮಿರುಗು ಅರಗಿನದು, ಅರಗು ಒಂದು ಸಣ್ಣ ಹುಳದ ಸ್ರಾವ. ಹಿಮಾಲಯದ ಬಸೋಹ್ಲಿಯ ಚಿತ್ರಕಾರರು ಪಚ್ಚೆಕಲ್ಲು ತೋರಿಸಲು ಜೀರಂಗಿಯ ರೆಕ್ಕೆಯ ಚೂರನ್ನೇ ಚಿತ್ರಕ್ಕೆ ಅಂಟಿಸುತ್ತಿದ್ದರು. ನಮ್ಮ ಮಕ್ಕಳು ಕಡ್ಡಿಪೆಟ್ಟಿಗೆಯಲ್ಲಿ ಸಾಕುವ ಆ ಹಸಿರು ಹುಳವೇ. ಇನ್ನು ಜೇನುಮೇಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಮಾಡಿದ. ಲೋಹದ ಮೂರ್ತಿ ಎರಕ ಹೊಯ್ಯುವ ಕ್ರಮ ಅದರಲ್ಲಿದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು. ಅದರ ಸುತ್ತ ಮಣ್ಣು ಬಳಿದು ಒಣಗಿಸಬೇಕು. ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಆ ಖಾಲಿ ಜಾಗಕ್ಕೆ ಕಾಸಿದ ಲೋಹ. ಮೇಣವನ್ನು ತೂಗಿಯೇ ಲೋಹದ ಲೆಕ್ಕ ಹಾಕಬೇಕೆಂದೂ ದೊರೆ ಹೇಳಿದ್ದಾನೆ. ಜೇನುಹುಳ ಮಾಡಿದ ಮೇಣ ಹೀಗೆ ಒಲೆಯಲ್ಲಿ ಇಲ್ಲವಾಗಿ ದೇವರಿಗೆ ಆಕಾರ ಕೊಟ್ಟಿತು. ಮೂರ್ತಿಯ ಪಕ್ಕದಲ್ಲಿ ಚಾಮರ ನಿಂತಿತು, ಹುಳ ಓಡಿಸಲು!

ಕೇಳುಗರೇ, ಗುಡಿಯ ಮಾತು ಇಲ್ಲಿಗೆ ಸಾಕು. ಕಲ್ಲಿನಲ್ಲಿ ನೊಣ ನೋಡಿದ ಶಿಲ್ಪಿಯನ್ನು ಕಂಡೆವು, ಮಣ್ಣಿನ ಗೂಡು ನೋಡಿದ ಶರಣರನ್ನು ಕಂಡೆವು. ಹುಳವನ್ನು ನೋಡಲೇಬೇಕಾದ ಇನ್ನೊಬ್ಬನಿದ್ದಾನೆ. ಅವನು ಯರಿ ಹೊಲದ ರೈತ. ಅವನಿಗೆ ಇದು ಹೊಟ್ಟೆಯ ಪ್ರಶ್ನೆ.

ಮುಗುಟಖಾನ ಹುಬ್ಬಳ್ಳಿಯಲ್ಲೇ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಸುತ್ತಲೂ ಕಬ್ಬು. 2002ರ ಸುಮಾರಿಗೆ ಮಹಾರಾಷ್ಟ್ರದ ಸಾಂಗ್ಲಿ ಕಡೆಯಿಂದ ಒಂದು ಪೀಡೆ ಬೆಳಗಾವಿ ಜಿಲ್ಲೆಗೆ ಕಾಲಿಟ್ಟಿತು. ಬಿಳಿ ಉಣ್ಣೆ ಹೇನು. ಗಡಿಯ ಆಚೆಯವರು ಅದನ್ನು ಲೋಕರಿ ಮಾವಾ ಎಂದರು. ಕಬ್ಬಿನ ಎಲೆ ಮಗುಚಿ ನೋಡಿದರೆ ಕೆಳಗೆ ಬಿಳಿ ಪುಡಿ ಮೆತ್ತಿದ ಪಟ್ಟಿ. ಪುಡಿ ಎಂದು ಕಂಡದ್ದು ಸಾವಿರಾರು ಹೇನುಗಳು, ಮೈಮೇಲೆ ಮೇಣದ ಉಣ್ಣೆ ಹೊದ್ದವು. ರಸ ಹೀರುತ್ತವೆ. ಹೀರಿದ್ದರಲ್ಲಿ ಬಹುಪಾಲನ್ನು ಸಿಹಿ ಅಂಟಾಗಿ ಕೆಳಗಿನ ಎಲೆಯ ಮೇಲೆ ಬಿಡುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಮೇಲಿನ ಎಲೆಯ ಕೆಳಗೆ ಬಿಳುಪು, ಕೆಳಗಿನ ಎಲೆಯ ಮೇಲೆ ಕಪ್ಪು. ಇವುಗಳಲ್ಲಿ ಹೆಣ್ಣುಗಳು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತವೆ, ಮೊಟ್ಟೆಯ ತಂಟೆಯೂ ಇಲ್ಲ. ವಾರಗಳಲ್ಲಿ ತೋಟಕ್ಕೆ ತೋಟವೇ ಬಿಳುಪು.

ಆಗ ಎಲ್ಲರೂ ಹಿಡಿದದ್ದು ಆ ಕಾಲದ ಚಾಮರವನ್ನೇ, ಅಂದರೆ ಔಷಧ ಹೊಡೆಯುವ ಪಂಪನ್ನು. ಆದರೆ ಆಳೆತ್ತರ ಮೀರಿದ ಕಬ್ಬಿನೊಳಗೆ ಹೋಗುವುದೇ ಕಷ್ಟ. ಎಲೆಯ ಅಂಚು ಮೈ ಕೊಯ್ಯುತ್ತದೆ. ಹೇನು ಕೂತಿರುವುದು ಎಲೆಯ ಕೆಳಗೆ, ಔಷಧ ಬೀಳುವುದು ಮೇಲೆ. ಬಿದ್ದ ಔಷಧಕ್ಕೆ ಸತ್ತದ್ದು ಹೇನಷ್ಟೇ ಅಲ್ಲ.

ಬೇರೆ ಏನು ಸತ್ತಿತು? ಇದನ್ನು ಕಂಡುಕೊಳ್ಳಲು ಎಲೆ ಮಗುಚಿ ಕೂತು ನೋಡಬೇಕಾಯಿತು. ಹೇನಿನ ಗುಂಪಿನ ನಡುವೆಯೇ ಬಲೆ ಹೆಣೆದುಕೊಂಡು, ಹೇನಿನ ಉಣ್ಣೆಯನ್ನೇ ಮೈಮೇಲೆ ಎಳೆದುಕೊಂಡು ಒಂದು ಕೀಡೆ ಮಲಗಿತ್ತು. ಹೆಸರು ಡೈಫಾ. ಪತಂಗದ ಜಾತಿಯದು. ಪತಂಗದ ಕೀಡೆಗಳೆಂದರೆ ಎಲೆ ತಿನ್ನುವವು ಎಂದೇ ನಮಗೆ ಗೊತ್ತು. ಇದು ಹೇನು ತಿನ್ನುವ ಕೀಡೆ. ಜತೆಗೆ ಮೈಕ್ರೋಮಸ್ ಎಂಬ ಇನ್ನೊಂದು, ಕಂದು ರೆಕ್ಕೆಯ ಸಣ್ಣ ಹುಳ. ಅದರ ಮರಿ ದಿನಕ್ಕೆ ಹತ್ತಾರು ಹೇನುಗಳನ್ನು ಹೀರಿ ಮುಗಿಸುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರು ಮತ್ತು ಇತರರು ಈ ಎರಡನ್ನೂ ನೆರಳುಬಲೆಯ ಕೆಳಗೆ, ಹೇನು ಹತ್ತಿದ ಕಬ್ಬಿನ ಮೇಲೆಯೇ ಸಾಕಿ ಬೆಳೆಸುವ ಕ್ರಮ ರೂಪಿಸಿದರು. ಮಿತ್ರಹುಳ ಇರುವ ಎಲೆಯನ್ನು ಕೊಯ್ದು ಇನ್ನೊಂದು ಹೊಲದ ಕಬ್ಬಿಗೆ ಸಿಕ್ಕಿಸುವುದು ರೈತನ ಕೆಲಸವಾಯಿತು. ಕೆಲವು ವರ್ಷಗಳಲ್ಲಿ ಉಣ್ಣೆ ಹೇನು ಹತೋಟಿಗೆ ಬಂತು. ಬೇಲೂರಿನ ಶಿಲ್ಪಿಗೆ ನೊಣದ ಪಕ್ಕದಲ್ಲಿ ಹಲ್ಲಿಯೂ ಕಂಡಿತ್ತಲ್ಲ. ಕಬ್ಬಿನ ಎಲೆಯ ಕೆಳಗೆ ಕಂಡದ್ದೂ ಅಂಥದೇ ಜೋಡಿ.

ಕಬ್ಬಿನ ಕತೆ ಒಳ್ಳೆಯದರಲ್ಲಿ ಮುಗಿಯಿತು. ಹತ್ತಿಯದು ಅಷ್ಟು ಸಲೀಸಲ್ಲ. ಬೈಲಹೊಂಗಲ ಮೊದಲಿನಿಂದಲೂ ಹತ್ತಿಯ ಪೇಟೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಬಿ. ಎಚ್. ಕಟರಕಿ ಅವರು ವರಲಕ್ಷ್ಮಿ ಎಂಬ ಸಂಕರ ತಳಿ ಕೊಟ್ಟರು. ಎಳೆ ಉದ್ದ, ಇಳುವರಿ ಹೆಚ್ಚು. ಅದರ ಬೀಜ ಮಾಡಬೇಕಾದರೆ ಜೇನುಹುಳದ ಕೆಲಸವನ್ನು ಮನುಷ್ಯರೇ ಮಾಡಬೇಕು. ನಮ್ಮ ಕಡೆ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಸಂಜೆಯ ಹೊತ್ತು ಮೊಗ್ಗನ್ನು ಉಗುರಿನಿಂದ ಬಿಡಿಸಿ ಗಂಡು ಭಾಗ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವನ್ನು ತಂದು ಒರೆಸಬೇಕು. ಹತ್ತಿಯ ಪರಾಗ ಭಾರ, ಅಂಟು. ಗಾಳಿಗೆ ಹಾರದು. ಹಾಗಾಗಿ ಬೀಜದ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಹೋಗುವುದು ಹೆಣ್ಣುಮಕ್ಕಳ ಬೆರಳೇ.

ಆದರೆ ಸಂಕರ ತಳಿಗೆ ಕಾಯಿಕೊರಕವೂ ಹೆಚ್ಚು ಹತ್ತಿತು. ಔಷಧದ ಸರದಿ ಬೆಳೆಯಿತು. 2002ರಲ್ಲಿ, ಕಾಯಿಕೊರಕಕ್ಕೆ ಗಿಡವೇ ವಿಷವಾಗುವ ಬಿಟಿ ಹತ್ತಿ ಬಂತು. ಹುಳವನ್ನು ಇನ್ನು ನೋಡುವುದೇ ಬೇಡ, ಗಿಡವೇ ನೋಡಿಕೊಳ್ಳುತ್ತದೆ ಎಂಬ ಭರವಸೆ ಹುಟ್ಟಿತು. ಹಸಿರು ಕಾಯಿಕೊರಕ ಹತ್ತಿಯಲ್ಲಿ ಕಡಿಮೆಯಾದದ್ದು ಹೌದು. ಗುಲಾಬಿ ಕಾಯಿಕೊರಕ ಮಾತ್ರ ಹತ್ತು ಹದಿನೈದು ವರ್ಷಗಳಲ್ಲಿ ಆ ವಿಷವನ್ನು ಅರಗಿಸಿಕೊಂಡಿತು. ಅದರ ಜಾಣತನ ಅಡಗುವುದರಲ್ಲಿದೆ. ಮೊಟ್ಟೆಯೊಡೆದ ಮರಿ ಎಳೆಯ ಕಾಯಿ ಹೊಕ್ಕೊಡನೆ ಹೊಕ್ಕ ತೂತು ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಗುಂಡಾಗಿ, ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ. ಬಿಡಿಸುವ ಹೊತ್ತಿಗೆ ಒಳಗೆ ಅರಳೆ ಕಲೆ ಬಿದ್ದು ಗಂಟು ಕಟ್ಟಿರುತ್ತದೆ.

ಹೀಗಾಗಿ ಈಗ ಮತ್ತೆ ನೋಡುವ ಕಾಲ ಬಂದಿದೆ. ಹತ್ತಿ ಹಾಕಿದವರು ಹೂ ಬಿಡುವಾಗ ಬೆಳಿಗ್ಗೆ ಹೊಲ ತಿರುಗಿ. ಎಲ್ಲ ಹೂಗಳೂ ದಳ ಬಿಚ್ಚಿ ನಿಂತಿರುವಾಗ ಕೆಲವು ಮಾತ್ರ ಬಿಚ್ಚಿರುವುದಿಲ್ಲ. ದಳಗಳು ತಿರುಚಿಕೊಂಡು, ಒಂದಕ್ಕೊಂದು ಅಂಟಿಕೊಂಡು, ಗುಲಾಬಿ ಮೊಗ್ಗಿನ ಹಾಗೆ ಕಾಣುತ್ತವೆ. ಅದರೊಳಗೆ ಹುಳ ಎಳೆ ಬಿಟ್ಟು ದಳಗಳನ್ನು ಹೊಲಿದುಕೊಂಡು ಕೂತಿದೆ. ಆ ಹೂಗಳನ್ನು ಕಿತ್ತು ನಾಶಮಾಡಿ. ಮೋಹಕ ಬಲೆ ಕಟ್ಟಿ ಎಷ್ಟು ಗಂಡು ಪತಂಗ ಬಿದ್ದವೆಂದು ಎಣಿಸಿ. ಇಪ್ಪತ್ತು ಕಾಯಿ ಒಡೆದು ನೋಡಿ, ಎರಡರಲ್ಲಿ ಹುಳ ಸಿಕ್ಕರೆ ಔಷಧದ ಯೋಚನೆ ಮಾಡಿ, ಮೊದಲೇ ಬೇಡ.

ಸುಗ್ಗಿ ಮುಗಿದ ಮೇಲಿನ ಕೆಲಸ ಇನ್ನೂ ಮುಖ್ಯ. ಕೊನೆಯ ತಲೆಮಾರಿನ ಹುಳ ಎರಡು ಹತ್ತಿಕಾಳುಗಳನ್ನು ಎಳೆಯಿಂದ ಹೊಲಿದು, ಅವುಗಳ ನಡುವೆ ಮಲಗಿಬಿಡುತ್ತದೆ. ತಿಂಗಳುಗಟ್ಟಲೆ ಹಾಗೇ ಇರಬಲ್ಲದು. ಜಿನ್ನಿಂಗ್ ಫ್ಯಾಕ್ಟರಿಯ ಕಾಳಿನ ರಾಶಿಯಲ್ಲಿ, ಹೊಲದಲ್ಲಿ ಉಳಿದ ಒಣಕಾಯಿಯಲ್ಲಿ ಅದು ಮುಂದಿನ ಬೆಳೆಗೆ ಕಾಯುತ್ತದೆ. ಆದ್ದರಿಂದ ಇನ್ನೊಂದು ಬಿಡಿಸುವಿಕೆ ಸಿಗಲೆಂದು ಬೆಳೆಯನ್ನು ಬೇಸಗೆಯವರೆಗೆ ಎಳೆಯಬೇಡಿ. ಹತ್ತಿಕಟ್ಟಿಗೆಯನ್ನು ಉರುವಲಿಗೆಂದು ಹಿತ್ತಲಲ್ಲಿ ಒಟ್ಟುವವರು ಮೊದಲು ಅದರಲ್ಲಿ ಉಳಿದ ಕಾಯಿಗಳನ್ನು ಕಿತ್ತು ಸುಟ್ಟುಬಿಡಿ. ಕುರಿಯವರು ಸಿಕ್ಕರೆ ಕಟ್ಟಿಗೆ ಕಡಿಯುವ ಮೊದಲು ಹೊಲದಲ್ಲಿ ಕುರಿ ಬಿಡಿಸಿ. ಉಳಿದ ಎಳೆಗಾಯಿಗಳನ್ನು ಹುಳದ ಸಮೇತ ಅವು ಮೇಯ್ದು ಮುಗಿಸುತ್ತವೆ.